ಹೂಮಳೆಯ ಲೆಕ್ಕ

ಕಳೆದ ಮಾಘ ಮಾಸದಲ್ಲಿ ಅಜ್ಜಂಪುರದಲ್ಲಿರುವ ನಮ್ಮ ಅಕ್ಕನನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿದ್ದೆ. ಎಂಬತ್ತಮೂರು ವರ್ಷದ ಅಕ್ಕನಿಗೆ ಗ್ಲಾಕೋಮಾ ಇದೆ. ನೋಟವು ಸುತ್ತಲಿನಿಂದ ಕಿರಿದಾಗುತ್ತ ಬರುತ್ತದೆ, ಹೋದ ನೋಟ ಹಿಂದಿರುಗುವುದಿಲ್ಲ, ಉಳಿದುದನ್ನು ಹನಿಮದ್ದಿನಿಂದ ಕಾಪಾಡಿಕೊಳ್ಳಬಹುದಷ್ಟೆ ಎಂದು ವೈದ್ಯರು ವಿವರಿಸಿದರು. ಹಿಂದಿರುಗುವಾಗ ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಬೀರೂರು ದಾಟಿದ ಮೇಲೆ, ಪಶ್ಚಿಮ ದಿಕ್ಕಿನಲ್ಲಿ ಬಾಬಾಬುಡನ್ ಗಿರಿಯ ಸಾಲು ನೀಲಿಯಾಗಿ ಕಂಡಾಗ, "ಅಲ್ಲ ಕಣೋ, ಕಾಫಿ ಹೂವು ತೋರಿಸ್ತೀನಿ ಅಂದಿದ್ದೆಯಲ್ಲ, ಯಾವಾಗ?" ಎಂದು ಕೇಳಿದಳು.

ಆ ಮಾತನ್ನು ನಾನು ಕೊಟ್ಟದ್ದು 1979ರಲ್ಲಿ. ಆಗ ನಾನು ತರೀಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠದ ಉಪಾಧ್ಯಾಯ. ಆ ವರ್ಷ ಮಕ್ಕಳನ್ನು ಕೆಮ್ಮಣ್ಣುಗುಂಡಿಗೆ ಪ್ರವಾಸ ಕರೆದೊಯ್ದಿದ್ದೆವು. ತೋಟದಲ್ಲಿ ಸಾಲುಸಾಲಾಗಿ ಹೂಗಳಿದ್ದವು. ಆದರೆ ದಟ್ಟವಾದ ಮಂಜು ಕವಿದು ಮಕ್ಕಳು ನಡುಗುತ್ತ ಒಂದು ವರಾಂಡದಲ್ಲಿ ಕುಳಿತು ಚಿತ್ರಾನ್ನ ತಿಂದದ್ದೇ ಬಂತು. ಸಂಜೆ ಸಂತವೇರಿ ಮಾರ್ಗವಾಗಿ ಚಿಕ್ಕಮಗಳೂರಿನ ಕಡೆಗೆ ಇಳಿಯುವಾಗ ಮೊದಲು ಬಸ್ಸಿನೊಳಕ್ಕೆ ಒಂದು ಪರಿಮಳ ಬಂತು. ಮಲ್ಲಿಗೆ ಎಂದುಕೊಂಡೆವು. ತಿರುವು ಕಳೆದದ್ದೇ ಇಡೀ ಇಳಿಜಾರು ಬೆಳ್ಳಗಾಗಿತ್ತು. ಪ್ರತಿ ಕಾಫಿ ಗಿಡದ ರೆಂಬೆಯ ಮೇಲೂ ಯಾರೋ ಅರಳು ಚೆಲ್ಲಿದ ಹಾಗೆ ಹೂವು. ಚಾಲಕನು ನಾವು ಕೇಳದೆಯೇ ಬಸ್ಸು ನಿಲ್ಲಿಸಿದ. ಪ್ರವಾಸದ ಪಟ್ಟಿಯಲ್ಲಿ ಇಲ್ಲದ ಆ ಹತ್ತು ನಿಮಿಷವನ್ನೇ ಮಕ್ಕಳು ಮರುದಿನ ಪ್ರಬಂಧದಲ್ಲಿ ಬರೆದರು.

ಅದೇ ವಾರ ಅಕ್ಕನ ಮನೆಗೆ ಹೋಗಿದ್ದಾಗ ಇದನ್ನು ವರ್ಣಿಸಿದೆ. ಕಾಫಿಯನ್ನು ಹುರಿಯುವ ಬೀಜವಾಗಿ, ಪುಡಿಯಾಗಿ, ಡಿಕಾಕ್ಷನ್ನಾಗಿ ಮಾತ್ರ ಬಲ್ಲ ಅಕ್ಕ, "ನನ್ನನ್ನೂ ಒಂದು ಸಲ ಕರಕೊಂಡು ಹೋಗೋ" ಎಂದಳು. "ಬರುವ ವರ್ಷ ಖಂಡಿತ" ಎಂದೆ.

ಬರುವ ವರ್ಷ ಏಕೆ ಬರಲಿಲ್ಲ ಎಂಬುದಕ್ಕೆ ಕಾರಣಗಳು ಇಲ್ಲದಿಲ್ಲ. ಉಪಾಧ್ಯಾಯನಾದವನ ವಸಂತ ಋತು ಸರ್ಕಾರಕ್ಕೆ ಸೇರಿದ್ದು. ಮಾರ್ಚಿಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆ, ಏಪ್ರಿಲಿನಲ್ಲಿ ಉತ್ತರ ಪತ್ರಿಕೆಗಳ ಮೌಲ್ಯಮಾಪನ. 1981, 1991, 2001ರ ಜನಗಣತಿಗಳು ಫೆಬ್ರವರಿಯಲ್ಲೇ ಬಂದವು. ಮೂರರಲ್ಲೂ ಮನೆಮನೆ ತಿರುಗಿದ್ದೇನೆ. ಮುತ್ತುಗ ಹೂಬಿಟ್ಟ ದಾರಿಗಳಲ್ಲಿ ನಮೂನೆಗಳ ಚೀಲ ಹೆಗಲಿಗೆ ಹಾಕಿಕೊಂಡು ನಡೆದಿದ್ದೇನೆಯೇ ಹೊರತು ತಲೆಯೆತ್ತಿ ನೋಡಿದ್ದು ಕಡಿಮೆ. ಅಕ್ಕನಿಗಾದರೋ ಅದು ಹಪ್ಪಳ ಸಂಡಿಗೆಯ ಕಾಲ, ಮೆಣಸಿನಕಾಯಿ ಒಣಗಿಸುವ ಕಾಲ, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕಾಲ. ಬಿಸಿಲು ಇದ್ದಾಗ ಹೆಂಗಸರಿಗೆ ಅಂಗಳ ಬಿಟ್ಟು ಕದಲುವಂತಿರಲಿಲ್ಲ. ಹೀಗೆ ನಲವತ್ತಾರು ವಸಂತಗಳು ಕಳೆದವು. ಕಾರಣಗಳು ಎಷ್ಟಿದ್ದರೂ ಮಾತು ತಪ್ಪಿದವನು ನಾನೇ.

ಆದುದರಿಂದ ಈ ವರ್ಷ ಒಂದು ದಿನದ ಪ್ರವಾಸ ಆಗಲೇಬೇಕೆಂದು ನಿಶ್ಚಯಿಸಿ ಬೆಂಗಳೂರಿನ ಮಗನಿಗೆ ದೂರವಾಣಿ ಮಾಡಿದೆ. ಅಲ್ಲಿಂದ ಶುರುವಾಯಿತು ನೋಡಿ ಚರ್ಚೆ.

ಮಗ, "ಅಣ್ಣಾ, ಅತ್ತೆಯನ್ನು ಇಲ್ಲಿಗೇ ಕರೆದುಕೊಂಡು ಬನ್ನಿ. ರಸ್ತೆ ಬದಿಯೆಲ್ಲ ಟಬೆಬೂಯಾ ಗುಲಾಬಿ ಬಣ್ಣಕ್ಕೆ ತಿರುಗಿದೆ, ಕಾರಿನಲ್ಲೇ ಕೂತು ನೋಡಬಹುದು" ಎಂದ. ಅವನ ಮಾತು ಸುಳ್ಳಲ್ಲ. ಬೆಂಗಳೂರಿನ ವಸಂತಕ್ಕೆ ಒಂದು ಇತಿಹಾಸವೇ ಇದೆ. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಎಂಬ ತೋಟಗಾರಿಕಾ ತಜ್ಞ 1908ರಲ್ಲಿ ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡು, ಒಂದು ಜಾತಿಯ ಮರದ ಹೂವು ಉದುರುವ ವೇಳೆಗೆ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರಗಳನ್ನು ಆರಿಸಿ ನೆಡುವ ಕ್ರಮವನ್ನು ರೂಢಿಸಿದ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ. ಟಬೆಬೂಯಾ, ಜಕರಂದ ಇವು ಅಮೆರಿಕ ಖಂಡದ ಮರಗಳು. ಮೇ ತಿಂಗಳಲ್ಲಿ ಕೆಂಪಗೆ ಉರಿಯುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಅವುಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಅಕ್ಕ ಕೇಳಿದ್ದು ಅದನ್ನಲ್ಲ.

ಸೊಸೆ ಇನ್ನೊಂದು ಸಲಹೆ ಕೊಟ್ಟಳು. "ಮಾವ, ಗಿರಿಯಲ್ಲಿ ಕುರಿಂಜಿ ಹೂವು ಬರುತ್ತಲ್ಲ, ಇಡೀ ಬೆಟ್ಟವೇ ನೀಲಿ ಆಗುತ್ತೆ, ಅದನ್ನೇ ತೋರಿಸೋಣ" ಎಂದು ಮೊಬೈಲಿನಲ್ಲಿ ಚಿತ್ರವನ್ನೂ ಕಳುಹಿಸಿದಳು. ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ಗಿಡ. ಅದರ ಬಂಧುಗಳಲ್ಲಿ ಬೇರೆ ಬೇರೆ ಅವಧಿಯವೂ ಇವೆ. ಚಂದ್ರದ್ರೋಣ ಪರ್ವತದಲ್ಲಿ ಅದು ವಿಶೇಷವಾಗಿ ಅರಳಿ ಜನಜಾತ್ರೆ ಸೇರಿದ್ದು 2022ರಲ್ಲಿ, ಅದೂ ಮಳೆಗಾಲದ ಕೊನೆಗೆ, ವಸಂತದಲ್ಲಲ್ಲ. ಆ ಲೆಕ್ಕ ಹಿಡಿದರೆ ಮುಂದಿನದು 2034. ಆಗ ಅಕ್ಕನಿಗೆ ತೊಂಬತ್ತು ದಾಟಿರುತ್ತದೆ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ; ಸೊಸೆ ತಾನೇ ಲೆಕ್ಕ ಹಾಕಿ ಸುಮ್ಮನಾದಳು.

ಈ ಚರ್ಚೆಯ ನಡುವೆ ನನ್ನ ಹಳೆಯ ಸಮಾಜ ಪಾಠದ ಬುದ್ಧಿ ಎಚ್ಚೆತ್ತುಕೊಂಡಿತು. ನಮ್ಮ ಸೀಮೆಯಲ್ಲಿ, ಎಂದರೆ ಕಡೂರು, ಬೀರೂರು, ಅಜ್ಜಂಪುರ, ತರೀಕೆರೆಯ ಸುತ್ತಿನಲ್ಲಿ, ಹೂವು ನೋಡಲೆಂದೇ ಮನೆಮಂದಿ ಬುತ್ತಿ ಕಟ್ಟಿಕೊಂಡು ಹೊರಡುವುದು ಯಾವಾಗ ಆರಂಭವಾಯಿತು? ನನ್ನ ತಂದೆ ತಾಯಿ ಹಾಗೆ ಹೋದದ್ದನ್ನು ನಾನು ಕಾಣೆ. ಅಜ್ಜ ಅಜ್ಜಿಯರ ಮಾತಂತೂ ದೂರವೇ ಉಳಿಯಿತು.

ಕಾವ್ಯದಲ್ಲಿ ಉಂಟು. ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕು, ಋತುವರ್ಣನೆಯೂ ವನವಿಹಾರವೂ ಅವುಗಳಲ್ಲಿ ಸೇರಿರಬೇಕು ಎಂದು ಹಳೆಯ ಲಾಕ್ಷಣಿಕರು ವಿಧಿಸಿದರು. ಆ ವಿಹಾರಕ್ಕೆ ಹೋಗುತ್ತಿದ್ದವರು ರಾಜರು, ರಾಣಿಯರು, ಅವರ ಪರಿವಾರ. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನದ ಪದ್ಯಗಳು ಕವಿ ಜನ್ನನವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮುಂದೆ 1209ರಲ್ಲಿ ಯಶೋಧರ ಚರಿತೆಯನ್ನು ಬರೆದವನು ಅವನೇ. ಅಂಥ ಕವಿ ನಮ್ಮ ತಾಲ್ಲೂಕಿನ ಕಲ್ಲಿನಲ್ಲಿ ಇದ್ದಾನೆ ಎಂಬುದನ್ನು ಮಕ್ಕಳಿಗೆ ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗುತ್ತಿತ್ತು. ಆದರೆ ಕನ್ನಡದ ಶಾಸನಗಳಲ್ಲಿ ಹೂವು ಬರುವುದು ವಿಹಾರದ ಪ್ರಸ್ತಾಪದಲ್ಲಲ್ಲ, ದಾನದ ಪ್ರಸ್ತಾಪದಲ್ಲಿ. ದೇವರ ಪೂಜೆಗೆ ಗದ್ದೆ ಬಿಟ್ಟಂತೆ, ದೀಪಕ್ಕೆ ಎಣ್ಣೆಯ ಗಾಣ ಬಿಟ್ಟಂತೆ, ಹೂದೋಟವನ್ನೂ ಬಿಟ್ಟರು. ಹೂವು ದೇವರ ಪಾಲು. ಉಳಿದುದು ಹೆಣ್ಣುಮಕ್ಕಳ ಮುಡಿಯ ಪಾಲು. ಗಿಡದಲ್ಲೇ ಇದ್ದುದನ್ನು ಸುಮ್ಮನೆ ನೋಡಿಬರುವ ಪಾಲು ಯಾರ ಹೆಸರಿಗೂ ಬರೆದಿರಲಿಲ್ಲ.

ಜನ ಬೆಟ್ಟಕ್ಕೆ ಹೋಗುತ್ತಿರಲಿಲ್ಲ ಎಂದಲ್ಲ. ಕಲ್ಲತ್ತಿಗಿರಿಯ ವೀರಭದ್ರಸ್ವಾಮಿಗೆ ಹರಕೆ ಹೊತ್ತು ಹೋಗುತ್ತಿದ್ದರು. ಅಲ್ಲಿ ಗುಡಿಯ ಮುಂದೆಯೇ ಕಲ್ಲಾನೆಗಳ ಬಳಿ ಜಲಧಾರೆ ಬೀಳುತ್ತದೆ. ಗಿರಿಗೂ ಹೋಗುತ್ತಿದ್ದರು. ದಾರಿಯಲ್ಲಿ ಹೂವು ಕಂಡರೆ ಕಂಡಿತು.

ಹಾಗಿದ್ದರೂ ಬಯಲುಸೀಮೆಯ ನಮಗೆ ಒಂದು ವಸಂತದ ಹೂವು ಚೆನ್ನಾಗಿ ಗೊತ್ತಿತ್ತು: ಮುತ್ತುಗ. ಫೆಬ್ರವರಿ ಮಾರ್ಚಿಯಲ್ಲಿ ಎಲೆಯೆಲ್ಲ ಕಳಚಿಕೊಂಡು, ಕಪ್ಪು ತೊಟ್ಟಿನಿಂದ ಕೆಂಡದಂತಹ ಹೂಗಳನ್ನು ಹೊತ್ತು ನಿಲ್ಲುವ ಮರ. ವಾಸನೆಯಿಲ್ಲ, ಆದರೆ ಮಕರಂದಕ್ಕೆ ಗೊರವಂಕ, ಸೂರಕ್ಕಿಗಳ ಗದ್ದಲವೋ ಗದ್ದಲ. 1757ರ ಯುದ್ಧದಿಂದ ಚರಿತ್ರೆಯ ಪುಸ್ತಕ ಸೇರಿದ ಬಂಗಾಳದ ಪ್ಲಾಸಿಗೆ ಆ ಹೆಸರು ಬಂದದ್ದು ಪಲಾಶದಿಂದ, ಅಂದರೆ ಇದೇ ಮುತ್ತುಗದಿಂದ ಎಂದು ಹೇಳಿದಾಗ ಹಿಂದಿನ ಬೆಂಚಿನ ಹುಡುಗರೂ ಕಿವಿ ನಿಮಿರಿಸುತ್ತಿದ್ದರು. ನಮ್ಮ ಮನೆಯಲ್ಲಿ ಮುತ್ತುಗವೆಂದರೆ ಮೊದಲು ಎಲೆ. ಅಕ್ಕ ಹನ್ನೆರಡು ವರ್ಷದವಳಿದ್ದಾಗಲೇ ಮೂರೆಲೆಯ ಗೊಂಚಲುಗಳನ್ನು ತಂದು, ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುವುದರಲ್ಲಿ ಪಳಗಿದ್ದಳು. ಒಣಗಿಸಿ ಕಟ್ಟು ಕಟ್ಟಿ ಅಟ್ಟದ ಮೇಲಿಟ್ಟರೆ ವರ್ಷದ ಹಬ್ಬಗಳಿಗೆಲ್ಲ ಆಗುತ್ತಿತ್ತು. ಸಮಿತ್ತಿಗೆ ಕಡ್ಡಿ, ಕಾಮನ ಹಬ್ಬದ ಓಕುಳಿಗೆ ಹೂವು. ಹೂವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಕಾಯಿಸಿದರೆ ಹಳದಿಗೂ ಕೇಸರಿಗೂ ನಡುವಣ ಒಂದು ಬಣ್ಣ ಬಿಡುತ್ತದೆ. ಅಕ್ಕನ ಮದುವೆ ಗೊತ್ತಾದ 1959ರ ಬೇಸಿಗೆಯಲ್ಲಿ ನಮ್ಮ ತಾಯಿ ಒಂದು ಬಿಳಿ ಪಂಚೆಯನ್ನು ಅದರಲ್ಲಿ ಅದ್ದಿದ್ದು ನನಗೆ ಮಸುಕಾಗಿ ನೆನಪಿದೆ. ಅಕ್ಕನಿಗೆ ಸ್ಪಷ್ಟವಾಗಿ ನೆನಪಿದೆ.

ಇಲ್ಲಿ ಒಂದು ತೊಡಕಿದೆ. ಮುತ್ತುಗ ಬಿಸಿಲಿನ ಹೂವು. ಅದಕ್ಕೆ ಮಳೆಯ ಹಂಗಿಲ್ಲ. ಕಾಫಿ ಮಳೆಯ ಹೂವು. ಒಂದು ಮುಗಿಯುವ ಕಾಲಕ್ಕೆ ಇನ್ನೊಂದು ಬರುತ್ತದೆ. ಒಂದೇ ದಿನದಲ್ಲಿ ಅಕ್ಕನಿಗೆ ಎರಡನ್ನೂ ತೋರಿಸಬೇಕೆಂದರೆ ಪಂಚಾಂಗವನ್ನೇ ತಿದ್ದಬೇಕು.

ಅಜ್ಜಂಪುರದಿಂದ ಹೊರಡುವುದೆಂದು ಆಯಿತಲ್ಲ, ದಾರಿಯ ಮಾತು. ಅಜ್ಜಂಪುರ ಈಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. ನಮ್ಮ ಕಾಲದಲ್ಲಿ ಅದು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಊರಿನ ಹೆಸರು ದೂರದವರಿಗೆ ಗೊತ್ತಿರುವುದು ಅಮೃತಮಹಲ್ ದನಗಳಿಂದ. ಚಿಕ್ಕದೇವರಾಜ ಒಡೆಯರ ಕಾಲದ (1673–1704) ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. 1799ರ ನಂತರ ಇಂಗ್ಲಿಷರು ಈ ಎತ್ತುಗಳ ವೇಗಕ್ಕೆ ಬೆರಗಾಗಿ ಅವನ್ನು ಸೈನ್ಯದ ಫಿರಂಗಿ ಎಳೆಯಲು ಬಳಸಿದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಖರ್ಚು ಉಳಿಸುವ ನೆಪದಿಂದ ದನಗಳನ್ನು ಮಾರಿಬಿಟ್ಟು, ಆಮೇಲೆ ಪಶ್ಚಾತ್ತಾಪಪಟ್ಟು 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ಸರ್ಕಾರಗಳು ಕೆಲವು ಪಾಠಗಳನ್ನು ದುಡ್ಡು ಕೊಟ್ಟೇ ಕಲಿಯುತ್ತವೆ.

ಆ ದನಗಳಿಗೆ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಅವುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಂಗಡಣೆ ಇತ್ತು. ಹಿಂಡು ಯಾವ ತಿಂಗಳಲ್ಲಿ ಎಲ್ಲಿರಬೇಕೆಂಬುದು ನೀರು, ನೆರಳು, ಹುಲ್ಲಿನ ಮೇಲೆ ನಿರ್ಧಾರವಾಗುತ್ತಿತ್ತು. ಬೇಸಿಗೆಯವು ಕೆರೆಯಂಗಳವೂ ಮರದ ನೆರಳೂ ಇರುವ ಜಾಗಗಳು. ಋತುವನ್ನು ನೋಡಿ ಪ್ರಯಾಣವನ್ನು ಗೊತ್ತುಮಾಡಿದವರು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಈ ಕಾವಲಿನ ಸೇರ್ವೆಗಾರರೇ. ಕಾವಲಿನ ಬಹುಭಾಗ ಇಂದು ಬೇರೆ ಬೇರೆ ಉಪಯೋಗಕ್ಕೆ ಹೋಗಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದರಿಂದ ಅಲ್ಲಿ ಹಳೆಯ ಬಯಲಿನ ರೂಪವನ್ನು ಇನ್ನೂ ಕಾಣಬಹುದು. ಉಳಿದಿರುವ ಕಾವಲುಗಳ ಅಂಚಿನಲ್ಲಿ ಈಗಲೂ ಮುತ್ತುಗಗಳಿವೆ.

ಮುಂದೆ ತರೀಕೆರೆ, ಲಿಂಗದಹಳ್ಳಿ. ಹೂವು ನೋಡಲೆಂದೇ ಹೋಗುವ ಪದ್ಧತಿ ಹುಟ್ಟಿದ್ದು ಈ ದಾರಿಯ ತುದಿಯಲ್ಲಿ ಎಂದು ನನ್ನ ಅನಿಸಿಕೆ. ಗುಬ್ಬಿಯಿಂದ ಹರಿಹರಕ್ಕೆ ರೈಲು ಬಂದದ್ದು 1889ರಲ್ಲಿ. ಕಡೂರು, ಬೀರೂರು, ಅಜ್ಜಂಪುರ ಆ ಹಾದಿಯ ನಿಲ್ದಾಣಗಳು. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ದಾರಿ 1899ರಲ್ಲಿ ತೆರೆಯಿತು. ಅಲ್ಲಿಯವರೆಗೆ ಗಿರಿಶ್ರೇಣಿ ನಮ್ಮವರಿಗೆ ಪಡುವಣದ ಗೋಡೆ. ಬೆಟ್ಟದ ನೆತ್ತಿಯ ಕೆಮ್ಮಣ್ಣುಗುಂಡಿ, ಹೆಸರೇ ಹೇಳುವಂತೆ, ಕೆಂಪು ಮಣ್ಣಿನ ಗುಂಡಿ. ಅಂದರೆ ಕಬ್ಬಿಣದ ಅದಿರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದಿರು ಇಲ್ಲಿಂದಲೇ ಹೋಯಿತು. ಬೆಟ್ಟದ ಮೇಲಿನಿಂದ ತಣಿಗೆಬೈಲಿಗೆ ಹಗ್ಗದ ದಾರಿಯಲ್ಲಿ ತೊಟ್ಟಿಲುಗಳು ಇಳಿಯುತ್ತಿದ್ದವು; ಅಲ್ಲಿಂದ ಮುಂದಕ್ಕೆ ಸಣ್ಣ ಹಳಿಯ ಗಾಡಿ. ಕಬ್ಬಿಣ ಕರಗಿಸಲು ಬೇಕಾದ ಇದ್ದಿಲಿಗೆ ಮಲೆನಾಡಿನ ಮರಗಳೇ ಆಹುತಿಯಾದವು. ಅದೇ ಬೆಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ವಿಶ್ರಾಂತಿಧಾಮವೂ ಆಯಿತು. ಸಮುದ್ರಮಟ್ಟದಿಂದ ಸುಮಾರು 1,430 ಮೀಟರ್ ಎತ್ತರದ ಆ ತಾಣವನ್ನು ಮಹಾರಾಜರು ಸರ್ಕಾರಕ್ಕೆ ಬಿಟ್ಟುಕೊಟ್ಟ ಮೇಲೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರು ಬಂತು; ತೋಟಗಾರಿಕೆ ಇಲಾಖೆ ಅದನ್ನು ದೀರ್ಘಕಾಲ ನೋಡಿಕೊಂಡಿತು. ರಾಜನ ವನವಿಹಾರ ಸಾಮಾನ್ಯ ಜನರ ಕೈಗೆ ಬಂದದ್ದು ಹೀಗೆ. ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಅಗೆತ, ಇನ್ನೊಂದು ಮಗ್ಗುಲಲ್ಲಿ ಗುಲಾಬಿ ಪಾತಿ. 1979ರಲ್ಲಿ ನಾನು ಮಕ್ಕಳಿಗೆ ಗುಲಾಬಿಯನ್ನು ಮಾತ್ರ ತೋರಿಸಿದೆ. ಅದಿರಿನ ಕಥೆಯನ್ನು ಹೇಳದೆ ಹೋದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಇನ್ನು ಕಾಫಿ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮನ್ ದೇಶದಿಂದ ಏಳು ಬೀಜ ತಂದು ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬಹುಕಾಲ ಅದು ಮನೆಯ ಹಿತ್ತಿಲ ಗಿಡವಾಗಿಯೇ ಇತ್ತು. 1830ರ ಸುಮಾರಿಗೆ ಕ್ಯಾನನ್ ಎಂಬ ಯುರೋಪಿಯನ್ನನು ಗಿರಿಯ ದಕ್ಷಿಣಕ್ಕೆ ದೊಡ್ಡ ತೋಟ ಮಾಡಿದ ಮೇಲೆ ಬೆಟ್ಟದ ಇಳಿಜಾರುಗಳು ಒಂದೊಂದಾಗಿ ತೋಟಗಳಾದವು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವನ್ನು ನೆಲೆಗೊಳಿಸಿತು. ವಿಚಿತ್ರವೆಂದರೆ, ಈ ಜಿಲ್ಲೆಗೆ 1947ರವರೆಗೂ ಇದ್ದ ಹೆಸರು ಕಡೂರು ಜಿಲ್ಲೆ. ಕಾಫಿಯ ಗಂಧವೂ ಇಲ್ಲದ ನಮ್ಮ ಒಣ ಊರಿನ ಹೆಸರಿನಲ್ಲಿ ಕಾಫಿಯ ಲೆಕ್ಕಪತ್ರಗಳೆಲ್ಲ ನಡೆಯುತ್ತಿದ್ದವು! ಗಿರಿಗೆ ತಗುಲಿ ನಿಲ್ಲುವ ಮೋಡ ನಮ್ಮ ಪಾಲಿಗೆ ಮಳೆ ಉಳಿಸುವುದಿಲ್ಲ. ಅದರ ನೀರು ಮಾತ್ರ ಅಯ್ಯನಕೆರೆಯ ಮೂಲಕ, ಮದಗದ ಕೆರೆಯ ಮೂಲಕ ಹರಿದು ಬಂದು ವೇದಾವತಿಯಾಗಿ ನಮ್ಮೂರನ್ನು ದಾಟಿ ಹೋಗುತ್ತದೆ.

ಕಾಫಿ ಗಿಡದ ಮೊಗ್ಗು ಚಳಿಗಾಲದ ಕೊನೆಗೆ ಮೂಡಿ, ಒಣ ಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತದೆ. ಆ ಬಾಯಾರಿಕೆ ಅದಕ್ಕೆ ಅಗತ್ಯ. ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಒಂದು ಅಂಗುಲದಷ್ಟು ಮಳೆ ಬಿದ್ದರೆ ಮೊಗ್ಗು ಎಚ್ಚೆತ್ತು, ಎಂಟರಿಂದ ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಒಮ್ಮೆಗೆ ಅರಳುತ್ತದೆ. ಬೆಳೆಗಾರರು ಇದನ್ನು ಹೂಮಳೆ ಎನ್ನುತ್ತಾರೆ. ಹೂವು ನಿಲ್ಲುವುದು ಎರಡು ಮೂರು ದಿನ. ಆಮೇಲೆ ಕಂದಿ ಉದುರುತ್ತದೆ. ಮಳೆ ಅರೆಬರೆಯಾದರೆ ಮೊಗ್ಗು ಅರಳದೆಯೇ ಸುಟ್ಟುಹೋಗುವುದುಂಟು. ಆ ವರ್ಷದ ಫಸಲೂ ಅದರ ಜೊತೆ ಹೋಗುತ್ತದೆ. ನೀರಿನ ಅನುಕೂಲ ಇರುವವರು ಸ್ಪ್ರಿಂಕ್ಲರ್ ಹಾಕಿ ಮಳೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಇಲ್ಲದವರು ಆಕಾಶ ನೋಡುತ್ತಾರೆ.

ಅಂದಮೇಲೆ ನಮ್ಮ ಪ್ರವಾಸದ ದಿನವನ್ನು ಗೊತ್ತುಮಾಡಬೇಕಾದವರು ಮಗನೂ ಅಲ್ಲ, ನಾನೂ ಅಲ್ಲ. ಮಗನಿಗೆ ಇದು ಒಗ್ಗಲಿಲ್ಲ. "ಅಣ್ಣಾ, ಎರಡು ವಾರ ಮುಂಚೆ ಹೇಳಿದರೆ ರಜೆ ಹಾಕಬಹುದು, ವಸತಿ ಗೊತ್ತುಮಾಡಬಹುದು" ಎಂದ. ಎರಡು ವಾರ ಮುಂಚೆ ಮೊಗ್ಗಿಗೇ ಗೊತ್ತಿರುವುದಿಲ್ಲವಲ್ಲ! ಕೊನೆಗೆ ಒಪ್ಪಂದವಾದದ್ದು ಹೀಗೆ: ಸಂತವೇರಿಯ ಕಡೆ ನಾಲ್ಕು ಎಕರೆ ತೋಟವಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಳೆ ಬಿದ್ದ ರಾತ್ರಿಯೇ ನನಗೆ ತಿಳಿಸಬೇಕು; ಅಂದಿನಿಂದ ಒಂಬತ್ತನೆಯ ದಿನ ನಾವು ಅಲ್ಲಿರಬೇಕು. ಆ ಹುಡುಗ (ಅವನಿಗೂ ಅರವತ್ತಾಯಿತು) ಆ ದಿನ ಬಸ್ಸಿನಲ್ಲಿದ್ದವನೇ. "ಸಾರ್, ಗೇಟಿನಿಂದ ಮನೆಯವರೆಗೆ ಕಾರು ಬರುತ್ತೆ, ಅಮ್ಮನವರು ಇಳಿಯೋದೇ ಬೇಡ. ಆದರೆ ಜೇನು ಬಹಳ ಇರುತ್ತೆ, ಮಕ್ಕಳು ಗಿಡ ಅಲ್ಲಾಡಿಸಬಾರದು, ಹೂವು ಕೀಳಬಾರದು" ಎಂದ. ಒಂದೊಂದು ಹೂವೂ ಒಂದೊಂದು ಕಾಯಿ ಎಂಬುದನ್ನು ಮೊಮ್ಮಗನಿಗೆ ಮೊದಲೇ ಹೇಳಿಟ್ಟಿದ್ದೇನೆ.

ಕೆಮ್ಮಣ್ಣುಗುಂಡಿಯನ್ನು ಈ ಸಲ ಬಿಟ್ಟಿದ್ದೇವೆ. ಘಾಟಿಯ ತಿರುವುಗಳು ಅಕ್ಕನಿಗೆ ಆಗುವುದಿಲ್ಲ. ಅಲ್ಲದೆ "ಪಾತಿ ಮಾಡಿದ ಹೂವು ನಮ್ಮ ಹಿತ್ತಿಲಲ್ಲೂ ಇದೆ" ಎಂದು ಅವಳೇ ತಳ್ಳಿಹಾಕಿದಳು. ಅಮೃತಾಪುರ ಇರಲಿ ಎಂದೆ. ಅದು ತರೀಕೆರೆಯ ದಾರಿಯಿಂದ ಸ್ವಲ್ಪ ಬಳಸು. ದೇವಾಲಯದ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು, ಮೊಮ್ಮಗನಿಗೆ ಜನ್ನನ ಶಾಸನ ತೋರಿಸಬಹುದು ಎಂಬುದು ನನ್ನ ಆಸೆ. ಕಲ್ಲತ್ತಿಗಿರಿಗೆ ಬೇಸಿಗೆಯಲ್ಲಿ ನೀರು ಕಡಿಮೆ, ದೂರದಿಂದಲೇ ಕೈಮುಗಿಯುವುದು. ಬರುವಾಗ ಲಿಂಗದಹಳ್ಳಿಯಿಂದ ನೇರ ಬೀರೂರಿಗೆ.

ಫಾಲ್ಗುಣವೆಲ್ಲ ಒಣಗಿ ಕಳೆಯಿತು. ಯುಗಾದಿಗೆ ಬೇವಿನ ಹೂವು ತಂದೆವು, ಮಳೆ ತರಲಿಲ್ಲ. ದಿನವೂ ಸಂಜೆ ಪಡುವಣಕ್ಕೆ ಮೋಡ ಕಟ್ಟುವುದು, ಗಾಳಿ ಬೀಸಿ ಚದುರುವುದು. ಅಕ್ಕ ಪ್ರತಿ ರಾತ್ರಿ ದೂರವಾಣಿಯಲ್ಲಿ ಕೇಳುವಳು, "ಏನಂತೆ?" ಎಂದು. ಬೆಳೆಗಾರನ ಮನೆಯ ಆತಂಕ ಏನೆಂಬುದು ಕಡೂರಿನ ಜಗಲಿಯ ಮೇಲೆ ಕುಳಿತ ನನಗೆ ಈ ವರ್ಷ ಮೊದಲ ಬಾರಿಗೆ ತಿಳಿಯಿತು.

ಮೊನ್ನೆ ಗುರುವಾರ ರಾತ್ರಿ ಒಂಬತ್ತೂವರೆಗೆ ವಿದ್ಯಾರ್ಥಿಯ ಕರೆ ಬಂತು. ಅವನ ಮಾತಿಗಿಂತ ಜೋರಾಗಿ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸುತ್ತಿತ್ತು. ಶುಕ್ರವಾರ ಬೆಳಿಗ್ಗೆ ಮಳೆಮಾಪಕ ನೋಡಿ ಮತ್ತೆ ತಿಳಿಸಿದ: ಒಂದು ಅಂಗುಲಕ್ಕೆ ಸ್ವಲ್ಪ ಮೇಲೆ. ಸಾಕು.

ಒಂಬತ್ತನೆಯ ದಿನವೆಂದರೆ ಬರುವ ಶನಿವಾರ. ಭಾನುವಾರಕ್ಕೆ ಮುಂದೂಡೋಣ ಎಂದು ಮಗ ಕೇಳಿದ; ಬಿಸಿಲು ಹೆಚ್ಚಿದರೆ ಭಾನುವಾರ ಮಧ್ಯಾಹ್ನದ ವೇಳೆಗೆ ಹೂವಿನ ಬಿಳುಪು ಹೋಗಿರುತ್ತದೆ ಎಂದು ವಿದ್ಯಾರ್ಥಿ ಹೇಳಿದ್ದನ್ನು ತಿಳಿಸಿದೆ. ಮೊಮ್ಮಗನ ಶಾಲೆಯಲ್ಲಿ ಏಪ್ರಿಲಿನಲ್ಲೇ ಹೊಸ ತರಗತಿಗಳು ಆರಂಭವಾಗುತ್ತವೆ, ಶನಿವಾರವೂ ಪಾಠವಿದೆ. "ತಾತ, ಮಿಸ್ಸಿಗೆ ಜ್ವರ ಅಂತ ಹೇಳಲಾ?" ಎಂದು ಕೇಳಿದ. ಮೂವತ್ತೈದು ವರ್ಷ ಮಕ್ಕಳ ಇಂಥ ಜ್ವರಗಳನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಬೇಡವೆಂದೆ. ರಜೆಯ ಅರ್ಜಿಯನ್ನು ನಾನೇ ಬರೆಯುತ್ತೇನೆ, ನಿನ್ನ ಅಪ್ಪ ರುಜು ಹಾಕಲಿ ಎಂದೆ.

ಅದನ್ನು ಬರೆದು ಮುಗಿಸಿ ಈ ಲೇಖನಕ್ಕೆ ಕುಳಿತಿದ್ದೇನೆ. ಕಾರಣವೆಂಬ ಜಾಗದಲ್ಲಿ, ಅಜ್ಜಿಯೊಂದಿಗೆ ಕಾಫಿ ಹೂವು ನೋಡಲು ಹೋಗುವ ಸಲುವಾಗಿ ಎಂದೇ ಬರೆದಿದ್ದೇನೆ. ಅಕ್ಕ ಆಗಲೇ ಬುತ್ತಿಯ ಮಾತು ಶುರುಮಾಡಿದ್ದಾಳೆ. ಪುಳಿಯೋಗರೆ, ಮೊಸರನ್ನ, ಹುರಿದ ಸಂಡಿಗೆ ಎಂದು ಗೊತ್ತಾಗಿದೆ. ಊಟಕ್ಕೆ ತಟ್ಟೆ ತರುತ್ತೇವೆಂದು ಸೊಸೆ ಹೇಳಿದಾಗ ಬೇಡವೆಂದಳಂತೆ. ಅಟ್ಟದ ಮೇಲೆ ಹಿಂದಿನ ವರ್ಷ ಹಚ್ಚಿಟ್ಟ ಮುತ್ತುಗದ ಎಲೆಯ ಒಂದು ಕಟ್ಟು ಇನ್ನೂ ಇದೆಯಂತೆ.